ಹಾಸಿಗೆಯ ಬದಿಯಲ್ಲಿ ಮೊಣಕಾಲೂರಿದ ಸಂತ ಕಮಿಲ್ಲಸ್

ಜುಲೈ ತಿಂಗಳ 14ನೆಯ ದಿನ ಧರ್ಮಸಭೆಯು ಸಂತ ಕಮಿಲ್ಲಸ್ ದೆ ಲೆಲ್ಲಿಸ್ ಅವರ ಸ್ಮರಣೆಯನ್ನು ಆಚರಿಸುತ್ತದೆ. ರೋಗಿಗಳಿಗೂ ಆಸ್ಪತ್ರೆಗಳಿಗೂ ದಾದಿಯರಿಗೂ ಪಾಲಕರಾದ ಈ ಸಂತರ ಹೆಸರನ್ನು ನಮ್ಮ ಕುಟುಂಬಗಳು ಕೇಳಿಯೇ ಇಲ್ಲವೆಂದು ಹೇಳಲಾಗದು. ಆದರೆ ಸಂತ ಅಂತೋಣಿಯವರ ಸ್ವರೂಪದ ಮುಂದೆ ಬೆಳಗುವಷ್ಟು ಮೇಣದಬತ್ತಿಗಳು ಇವರ ಮುಂದೆ ಬೆಳಗುವುದಿಲ್ಲ. ಕಳೆದುಹೋದ ವಸ್ತುವನ್ನು ಹುಡುಕಿಕೊಡುವ ಸಂತರು ನಮಗೆ ಬೇಕು; ಹಾಸಿಗೆಯ ಮಡಿಕೆಯನ್ನು ಬಿಡಿಸಿ ಸರಿಪಡಿಸುವ ಸಂತರ ಅಗತ್ಯ ನಮಗೆ ಅಷ್ಟಾಗಿ ತೋರುವುದಿಲ್ಲ, ನಾವೇ ಆ ಹಾಸಿಗೆಯ ಮೇಲೆ ಮಲಗುವ ದಿನದವರೆಗೆ.

ಈ ವಾರ ನಾವು ಈ ಸಂತರ ಜೀವನವನ್ನು ನೆನೆಯುವುದು ಒಂದು ನಿರ್ದಿಷ್ಟ ಉದ್ದೇಶದಿಂದ. ಬಹುಕಾಲ ಮಲಗಿದಲ್ಲಿಯೇ ಇರುವ ರೋಗಿಯ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ, ತೊಡೆಯ ಮೇಲ್ಭಾಗದ ಎಲುಬಿನ ಮೇಲೆ ಏಳುವ ಹಾಸಿಗೆ ಹುಣ್ಣನ್ನು ನಮ್ಮಲ್ಲಿ ಬಹುಪಾಲು ಜನರು ಕಂಡಿದ್ದೇವೆ ಅಥವಾ ಅದರ ವಾಸನೆಯನ್ನಾದರೂ ಅರಿತಿದ್ದೇವೆ. ರೋಗ ದೇವರ ಚಿತ್ತವೆಂದು ಸಹಿಸಿಕೊಳ್ಳುವವರು ಈ ಹುಣ್ಣನ್ನೂ ಅದೇ ಪಟ್ಟಿಗೆ ಸೇರಿಸಿಬಿಡುತ್ತಾರೆ. ಹಾಗೆ ಸೇರಿಸುವುದು ಸರಿಯೇ ಎಂಬುದು ನಮ್ಮ ಪ್ರಶ್ನೆ. ಆ ಪ್ರಶ್ನೆಗೆ ಸಂತ ಕಮಿಲ್ಲಸರ ಜೀವನವೇ ಉತ್ತರ ನೀಡುತ್ತದೆ.

ಇಟಲಿಯ ಅಬ್ರುಜ್ಜೊ ಪ್ರಾಂತ್ಯದ ಬುಕ್ಕಿಯಾನಿಕೊ ಎಂಬ ಊರಿನಲ್ಲಿ 1550ನೆಯ ಇಸವಿ ಮೇ 25ರಂದು ಕಮಿಲ್ಲಸ್ ಜನಿಸಿದನು. ತಂದೆ ಜೊವಾನ್ನಿ ವೃತ್ತಿಯಿಂದ ಸೈನಿಕ. ಮನೆಯಲ್ಲಿ ಇರುವುದಕ್ಕಿಂತ ದಂಡಿನಲ್ಲಿ ಇರುವುದೇ ಹೆಚ್ಚು. ತಾಯಿ ಕಮಿಲ್ಲಾ ತಲೆಗೂದಲು ನರೆಯುವ ವಯಸ್ಸಿನಲ್ಲಿ ಈ ಮಗನನ್ನು ಹೆತ್ತಳು. ಎದೆಯ ಮೇಲೆ ಶಿಲುಬೆ ಧರಿಸಿದ ಮಗನೊಬ್ಬ, ಅಂತಹದೇ ಶಿಲುಬೆ ಧರಿಸಿದ ಇತರ ಬಾಲಕರನ್ನು ಮುನ್ನಡೆಸುತ್ತಿರುವಂತೆ ಆಕೆಗೆ ಗರ್ಭಿಣಿಯಾಗಿದ್ದಾಗ ಕನಸಾಯಿತೆಂದೂ, ಮಗನು ದರೋಡೆಕೋರರ ನಾಯಕನಾಗುವನೇನೋ ಎಂದು ಆಕೆ ಹೆದರಿದಳೆಂದೂ ಪರಂಪರೆ ಹೇಳುತ್ತದೆ. ಆ ಭಯಕ್ಕೆ ಕಾರಣವೂ ಇಲ್ಲದಿರಲಿಲ್ಲ. ಹುಡುಗನಿಗೆ ತಂದೆಯ ಮೈಕಟ್ಟಿನೊಡನೆ ತಂದೆಯ ಮುಂಗೋಪ ಹಾಗೂ ಜೂಜಿನ ಚಟವೂ ಬಳುವಳಿಯಾಗಿ ಬಂದಿದ್ದವು. ಹದಿಹರೆಯದ ಹೊಸ್ತಿಲಲ್ಲಿಯೇ ತಾಯಿ ತೀರಿಕೊಂಡಳು. ಅಂದಿನಿಂದ ಅವನನ್ನು ತಡೆಯುವವರೇ ಇಲ್ಲವಾದರು.

ಆರೂವರೆ ಅಡಿ ಎತ್ತರಕ್ಕೆ ಬೆಳೆದ ಯುವಕನು ತಂದೆಯ ಜೊತೆ ಸೈನ್ಯ ಸೇರಲು ಹೊರಟನು. ತಂದೆ ದಾರಿಯಲ್ಲಿಯೇ ರೋಗಪೀಡಿತನಾಗಿ ಮರಣ ಹೊಂದಿದನು. ಇದಕ್ಕೆ ಮೊದಲೇ, ಸುಮಾರು ಹದಿನೇಳು ಹದಿನೆಂಟರ ಪ್ರಾಯದಲ್ಲಿ, ಕಮಿಲ್ಲಸನ ಕಾಲಿನಲ್ಲಿ ಒಂದು ಸಣ್ಣ ಹುಣ್ಣು ಎದ್ದಿತ್ತು. ಅಲಕ್ಷಿಸಿದ ಹುಣ್ಣು ಆಳವಾಯಿತು. ಅದು ಮುಂದೆ ನಲವತ್ತಾರು ವರ್ಷಗಳ ಕಾಲ, ಅವನ ಕೊನೆಯುಸಿರಿನವರೆಗೆ, ಮಾಯಲಿಲ್ಲ. ಈ ಗಾಯದ ಚಿಕಿತ್ಸೆಗಾಗಿಯೇ ಅವನು 1571ರಲ್ಲಿ ರೋಮ್ ನಗರದ ಸಂತ ಯಾಕೋಬರ ಆಸ್ಪತ್ರೆಗೆ ಬಂದನು. ಅದು ವಾಸಿಯಾಗದ ರೋಗಿಗಳ ಆಸ್ಪತ್ರೆ ಎಂದೇ ಹೆಸರಾಗಿತ್ತು. ಚಿಕಿತ್ಸೆಯ ಋಣ ತೀರಿಸಲು ಅಲ್ಲಿಯೇ ಆಳಾಗಿ ದುಡಿಯತೊಡಗಿದನು. ಆದರೆ ರೋಗಿಗಳನ್ನು ಬಿಟ್ಟು ಇಸ್ಪೀಟಿನ ಎಲೆಗಳ ಬಳಿ ಅವನು ಕಳೆಯುತ್ತಿದ್ದ ಹೊತ್ತೇ ಹೆಚ್ಚಾಯಿತು. ಸಹಸೇವಕರೊಡನೆ ಜಗಳವೂ ಹೆಚ್ಚಾಯಿತು. ತಿಂಗಳುಗಳು ಕಳೆಯುವಷ್ಟರಲ್ಲಿ ಆಸ್ಪತ್ರೆಯವರು ಅವನನ್ನು ಹೊರಗೆ ಹಾಕಿದರು.

ಪ್ರಿಯ ವಾಚಕರೇ, ಮುಂದೆ ಜಗತ್ತಿನ ಎಲ್ಲ ದಾದಿಯರ ಪಾಲಕನಾಗಲಿದ್ದ ವ್ಯಕ್ತಿಯ ಮೊದಲ ಸೇವಾವಧಿ ಹೀಗೆ ಮುಗಿಯಿತು. ರೋಗಿಯನ್ನು ಬಿಟ್ಟುಹೋದ ಸೇವಕನ ಮನಸ್ಸು ಹೇಗಿರುತ್ತದೆಂಬುದನ್ನು ಸಂತ ಕಮಿಲ್ಲಸ್ ಪರರಿಂದ ಕೇಳಿ ತಿಳಿಯಬೇಕಾಗಿರಲಿಲ್ಲ. ಅವರೇ ಅಂತಹ ಸೇವಕರಾಗಿದ್ದರು.

ಕಮಿಲ್ಲಸ್ ಮತ್ತೆ ವೆನಿಸ್ ಗಣರಾಜ್ಯದ ಸೈನ್ಯ ಸೇರಿ ತುರ್ಕರ ವಿರುದ್ಧ ಹೋರಾಡಿದನು. 1574ರಲ್ಲಿ ನೇಪಲ್ಸ್ ನಗರದ ಬೀದಿಯಲ್ಲಿ ಕತ್ತಿ, ಬಂದೂಕು, ಮೇಲಂಗಿ ಎಲ್ಲವನ್ನೂ ಜೂಜಿನಲ್ಲಿ ಸೋತು, ಕೊನೆಗೆ ಮೈಮೇಲಿನ ಅಂಗಿಯನ್ನೂ ಪಣಕ್ಕೆ ಒಡ್ಡಿ ಕಳೆದುಕೊಂಡನೆಂದು ಚರಿತ್ರಕಾರರು ಬರೆದಿದ್ದಾರೆ. ಹಸಿವು ಅವನನ್ನು ಮನ್ಫ್ರೆದೋನಿಯ ಎಂಬ ಪಟ್ಟಣಕ್ಕೆ ಕರೆತಂದಿತು. ಅಲ್ಲಿ ದೇವಾಲಯದ ಬಾಗಿಲಲ್ಲಿ ಭಿಕ್ಷೆ ಬೇಡುತ್ತಿದ್ದವನಿಗೆ ಕಪುಚಿನ್ ಮಠದ ಕಟ್ಟಡದ ಕೆಲಸದಲ್ಲಿ ಕೂಲಿ ದೊರೆಯಿತು. ಒಮ್ಮೆ ಮಠದ ಕೆಲಸದ ಮೇಲೆ ಸಾನ್ ಜೊವಾನ್ನಿ ರೊತೊಂದೊ ಎಂಬಲ್ಲಿಗೆ ಹೋದಾಗ ಅಲ್ಲಿನ ಮಠಾಧಿಕಾರಿ ಅವನೊಡನೆ ಆತ್ಮದ ವಿಷಯವಾಗಿ ಸ್ವಲ್ಪ ಹೊತ್ತು ಮಾತನಾಡಿದರು. ಮರುದಿನ, 1575ನೆಯ ಇಸವಿ ಫೆಬ್ರವರಿ 2ರಂದು, ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬದ ದಿನ, ಹಿಂತಿರುಗುವ ದಾರಿಯಲ್ಲಿ ಆ ಭೀಮಕಾಯದ ಸೈನಿಕನು ಕಲ್ಲುನೆಲದ ಮೇಲೆ ಮೊಣಕಾಲೂರಿ ಕಣ್ಣೀರಿಟ್ಟನು. ಅಲ್ಲಿಂದ ಎದ್ದವರು ಬೇರೊಬ್ಬ ಮನುಷ್ಯರು.

ಕಪುಚಿನ್ ಸಂನ್ಯಾಸಿಯಾಗಬೇಕೆಂಬುದು ಅವರ ಹಂಬಲವಾಗಿತ್ತು. ಮಠದವರು ಅವರನ್ನು ಸ್ವೀಕರಿಸಿದರೂ, ಒರಟು ನಿಲುವಂಗಿಯ ಅಂಚು ಉಜ್ಜಿ ಉಜ್ಜಿ ಕಾಲಿನ ಗಾಯ ಮತ್ತೆ ಬಾಯ್ದೆರೆಯಿತು. ಗಾಯ ಮಾಯದೆ ಮಠದಲ್ಲಿ ಉಳಿಯುವಂತಿರಲಿಲ್ಲ. ಅವರು ಸಂತ ಯಾಕೋಬರ ಆಸ್ಪತ್ರೆಗೆ ಮರಳಿದರು. ಕೆಲವು ವರ್ಷಗಳ ನಂತರ ಮತ್ತೊಮ್ಮೆ ಮಠವನ್ನು ಸೇರಲು ಯತ್ನಿಸಿದಾಗಲೂ ಹಾಗೆಯೇ ಆಯಿತು. ತಾವು ಆರಿಸಿಕೊಂಡ ಬಾಗಿಲು ಎರಡು ಸಲ ಮುಚ್ಚಿದಾಗ, ತಮ್ಮನ್ನು ಹೊರದೂಡಿದ್ದ ಬಾಗಿಲೇ ದೇವರು ತೆರೆದಿಟ್ಟ ಬಾಗಿಲೆಂದು ಕಮಿಲ್ಲಸ್ ಅರಿತರು. ಹಿಂದೆ ಓಡಿಸಲ್ಪಟ್ಟ ಅದೇ ಆಸ್ಪತ್ರೆಯ ಆಡಳಿತಾಧಿಕಾರಿಯಾಗಿ ಅವರು ನಿಯುಕ್ತರಾದರು. ಸಂತ ಫಿಲಿಪ್ ನೇರಿ ಅವರ ಪಾಪನಿವೇದನೆಯ ಗುರುಗಳಾಗಿದ್ದರು.

ಆ ಕಾಲದ ಆಸ್ಪತ್ರೆಗಳ ಸ್ಥಿತಿಯನ್ನು ನಾವು ಇಂದು ಊಹಿಸುವುದೂ ಕಷ್ಟ. ವೈದ್ಯರು ದಿನಕ್ಕೊಮ್ಮೆ ಬಂದು ಹೋಗುವರು. ಉಳಿದ ಹೊತ್ತೆಲ್ಲ ರೋಗಿಯು ಕೂಲಿಗೆ ಬಂದ ಆಳುಗಳ ಕೈಯಲ್ಲಿ. ಬೇರೆಲ್ಲಿಯೂ ಕೆಲಸ ಸಿಗದವರೇ ಆ ಕೆಲಸಕ್ಕೆ ಬರುತ್ತಿದ್ದುದು ಹೆಚ್ಚು. ಮಲಮೂತ್ರದಲ್ಲಿ ಒದ್ದೆಯಾದ ಹಾಸಿಗೆಯಲ್ಲಿ ರೋಗಿಗಳು ಗಂಟೆಗಟ್ಟಲೆ ಬಿದ್ದಿರುತ್ತಿದ್ದರು. ಕೈಲಾಗದವರ ಮುಂದೆ ಇಟ್ಟ ಊಟವು ಹಾಗೆಯೇ ತಣ್ಣಗಾಗುತ್ತಿತ್ತು. ಕಮಿಲ್ಲಸ್ ಕಂಡುಕೊಂಡ ಸತ್ಯವಿದು: ರೋಗಿಯನ್ನು ಕೊಲ್ಲುವುದು ಯಾವಾಗಲೂ ರೋಗವೇ ಅಲ್ಲ, ಹಲವು ಬಾರಿ ರೋಗದ ಪಕ್ಕದಲ್ಲಿ ಕುಳಿತಿರುವ ಅಲಕ್ಷ್ಯವು ಕೊಲ್ಲುತ್ತದೆ.

ಹಾಸಿಗೆ ಹುಣ್ಣು ಈ ಅಲಕ್ಷ್ಯದ ಕೈಬರಹ. ಅದು ಹೇಗೆ ಹುಟ್ಟುತ್ತದೆಂಬುದನ್ನು ಇಲ್ಲಿ ವಿವರಿಸುವುದು ಉಚಿತ. ನಮ್ಮ ಶರೀರದ ಎಲುಬುಗಳು ಚರ್ಮಕ್ಕೆ ಸಮೀಪವಾಗಿರುವ ಸ್ಥಳಗಳಲ್ಲಿ, ಎಂದರೆ ಸೊಂಟದ ಕೆಳಗಿನ ಬಾಲಮೂಳೆಯ ಭಾಗ, ಹಿಮ್ಮಡಿ, ತೊಡೆಯ ಮೇಲ್ಭಾಗ, ಮೊಣಕೈ, ಹೆಗಲ ಹಲಗೆ, ತಲೆಯ ಹಿಂಭಾಗ ಇಂತಹ ಕಡೆ, ಎಲುಬು ಮತ್ತು ಹಾಸಿಗೆಯ ನಡುವೆ ಮಾಂಸವು ಸಿಕ್ಕಿಬೀಳುತ್ತದೆ. ಒತ್ತಿದ ಜಾಗದ ಸೂಕ್ಷ್ಮ ರಕ್ತನಾಳಗಳಲ್ಲಿ ರಕ್ತವು ಹರಿಯದು. ಆರೋಗ್ಯವಂತರಾದ ನಮಗೆ ಆಗ ನೋವಾಗುತ್ತದೆ. ನಿದ್ದೆಯಲ್ಲಿಯೂ ಮಗ್ಗುಲು ಬದಲಿಸುತ್ತೇವೆ. ಪಾರ್ಶ್ವವಾಯು ಬಡಿದವರು, ಬೆನ್ನುಹುರಿ ಘಾಸಿಗೊಂಡವರು, ಪ್ರಜ್ಞೆಯಿಲ್ಲದವರು, ಅತಿ ನಿತ್ರಾಣರಾದ ವೃದ್ಧರು ಮಗ್ಗುಲು ಬದಲಿಸಲಾರರು. ಅವರಲ್ಲಿ ಕೆಲವರಿಗೆ ನೋವು ಸಹ ತಿಳಿಯದು. ರಕ್ತ ಸಿಗದ ಮಾಂಸವು ಒಳಗಿನಿಂದಲೇ ಸಾಯತೊಡಗುತ್ತದೆ. ಮೇಲಿನ ಚರ್ಮದಲ್ಲಿ ಒಂದು ಕೆಂಪು ಕಲೆ ಕಾಣುವಷ್ಟರಲ್ಲಿ ಒಳಗೆ ಹಾನಿ ಆಗಿಹೋಗಿರಬಹುದು. ಒದ್ದೆ, ಬಟ್ಟೆಯ ಸುಕ್ಕು, ರೋಗಿಯನ್ನು ಎಳೆದಾಗ ಆಗುವ ಉಜ್ಜಾಟ ಇವೆಲ್ಲ ಆ ಹಾನಿಯನ್ನು ಹೆಚ್ಚಿಸುತ್ತವೆ. ಹುಣ್ಣು ಎಲುಬಿಗೆ ತಲುಪಿದರೆ ಎಲುಬು ಕೊಳೆಯುತ್ತದೆ. ನಂಜು ರಕ್ತಕ್ಕೆ ಸೇರಿದರೆ ಪ್ರಾಣವೇ ಹೋಗುತ್ತದೆ. ರೋಗಿಯ ಪರವಾಗಿ ಮಗ್ಗುಲು ಬದಲಿಸುವ ಇನ್ನೊಬ್ಬರ ಕೈ ಇಲ್ಲದಿದ್ದಾಗ ನಡೆಯುವುದು ಇದೇ.

ಕೂಲಿಯು ಆ ಕೈಗಳನ್ನು ಆಸ್ಪತ್ರೆಗೆ ಕರೆತರಬಲ್ಲದು. ಅರ್ಧರಾತ್ರಿಯಲ್ಲಿ ಯಾರೂ ನೋಡದಿರುವಾಗ ರೋಗಿಯ ಬಳಿಗೆ ಅವನ್ನು ಕರೆತರಬಲ್ಲುದು ಪ್ರೀತಿಯೊಂದೇ. 1582ರ ಆಗಸ್ಟ್ ತಿಂಗಳಲ್ಲಿ, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ಸುಮಾರಿಗೆ, ಕಮಿಲ್ಲಸರ ಮನಸ್ಸಿನಲ್ಲಿ ಒಂದು ಯೋಜನೆ ಮೂಡಿತು. ಕೂಲಿಯ ಆಸೆಯಿಲ್ಲದೆ, ಕೇವಲ ದೇವರ ಪ್ರೀತಿಗಾಗಿ ರೋಗಿಗಳನ್ನು ಉಪಚರಿಸುವ ಜನರ ಒಂದು ಕೂಟ ಕಟ್ಟಬೇಕೆಂಬುದೇ ಆ ಯೋಜನೆ. ಆಸ್ಪತ್ರೆಯ ಆಡಳಿತದವರು ಇದನ್ನು ಸಂಶಯದಿಂದ ನೋಡಿ ವಿರೋಧಿಸಿದರು. ಕಮಿಲ್ಲಸ್ ಹಿಂಜರಿಯಲಿಲ್ಲ. ಮೂವತ್ತು ದಾಟಿದ ವಯಸ್ಸಿನಲ್ಲಿ ಚಿಕ್ಕ ಹುಡುಗರ ಜೊತೆ ಲತೀನ್ ಪಾಠಕ್ಕೆ ಕುಳಿತರು. 1584ನೆಯ ಇಸವಿ ಮೇ 26ರಂದು, ಸ್ವದೇಶದಿಂದ ಹೊರಗುಳಿಯಬೇಕಾಗಿದ್ದ ಇಂಗ್ಲೆಂಡಿನ ಬಿಷಪ್ ಥಾಮಸ್ ಗೋಲ್ಡ್‌ವೆಲ್ ಅವರಿಂದ ಯಾಜಕದೀಕ್ಷೆ ಪಡೆದರು. ಅನಂತರ ರೋಮ್ ನಗರದ ಪವಿತ್ರಾತ್ಮರ ಆಸ್ಪತ್ರೆಯಲ್ಲಿ ಸಂಗಡಿಗರೊಡನೆ ಸೇವೆಗೆ ನಿಂತರು.

ಆ ವರ್ಷವೇ ಅವರು ತಮ್ಮ ಸಂಗಡಿಗರಿಗಾಗಿ ಸೇವೆಯ ನಿಯಮಗಳನ್ನು ಬರೆದರು. ತಾಯಿಯೊಬ್ಬಳು ರೋಗದಿಂದ ಮಲಗಿದ ತನ್ನ ಏಕೈಕ ಮಗುವನ್ನು ಹೇಗೆ ನೋಡಿಕೊಳ್ಳುವಳೋ ಅಂತಹ ವಾತ್ಸಲ್ಯದಿಂದ ಪ್ರತಿಯೊಬ್ಬ ರೋಗಿಯನ್ನೂ ನೋಡಿಕೊಳ್ಳುವ ಕೃಪೆಯನ್ನು ದೇವರಲ್ಲಿ ಬೇಡಬೇಕೆಂಬುದು ಆ ನಿಯಮಗಳ ತಿರುಳು. ಈ ಹೋಲಿಕೆಯನ್ನು ನಾವು ಕೇವಲ ಭಾವುಕತೆಯೆಂದು ತಿಳಿಯಬಾರದು. ತಾಯಿ ಏನು ಮಾಡುತ್ತಾಳೆ? ಮಗು ಅಳುವವರೆಗೆ ಕಾಯುವುದಿಲ್ಲ. ಬಟ್ಟೆ ಒದ್ದೆಯಾಯಿತೇ ಎಂದು ತಾನೇ ಮುಟ್ಟಿ ನೋಡುತ್ತಾಳೆ. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದ್ದರೆ ಮೆಲ್ಲನೆ ಹೊರಳಿಸುತ್ತಾಳೆ. ಚರ್ಮದ ಮೇಲೆ ಒಂದು ಗುಳ್ಳೆ ಎದ್ದರೂ ಅವಳಿಗೆ ತಿಳಿಯುತ್ತದೆ. ದೂರು ಬಂದ ಮೇಲೆ ಸ್ಪಂದಿಸುವುದು ಆಸ್ಪತ್ರೆಯ ಕ್ರಮವಾಗಬಹುದು. ದೂರು ಬರುವ ಮೊದಲೇ ಅರಿಯುವುದು ತಾಯ್ತನ. ಹಾಸಿಗೆ ಹುಣ್ಣನ್ನು ತಡೆಯುವ ಸಮಸ್ತ ಶಾಸ್ತ್ರವೂ ಈ ಒಂದು ಭೇದದಲ್ಲಿ ಅಡಗಿದೆ.

ಸಂಗಡಿಗರು ಹಾಸಿಗೆಗಳನ್ನು ಹಾಸಿದರು, ಬಟ್ಟೆ ಬದಲಿಸಿದರು, ರೋಗಿಗಳ ಕೈ ಬಾಯಿ ತೊಳೆದರು, ತುತ್ತು ಮಾಡಿ ಉಣಿಸಿದರು, ಬಹಿರ್ದೆಸೆಗೆ ಎತ್ತಿಕೊಂಡು ಹೋದರು. ರೋಗಿಯಲ್ಲಿ ಸಾಕ್ಷಾತ್ ಕ್ರಿಸ್ತಪ್ರಭುವನ್ನೇ ಕಾಣುತ್ತಿದ್ದ ಕಮಿಲ್ಲಸ್, ಊಟ ಮಾಡಿಸುವಾಗ ಹಾಸಿಗೆಯ ಬದಿಯಲ್ಲಿ ಮೊಣಕಾಲೂರುತ್ತಿದ್ದರೆಂದು ಅವರ ಸಂಗಡಿಗರೇ ಆಗಿದ್ದ ಸಾಂಜಿಯೊ ಚಿಕಾತೆಲ್ಲಿ ತಾವು 1615ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಲ್ಲಿ ದಾಖಲಿಸಿದ್ದಾರೆ. ಕೆಲಸ ಅವಸರದಲ್ಲಿ ಮುಗಿಸುವವರನ್ನು ಕಂಡರೆ, ಕೈಗಳಲ್ಲಿ ಇನ್ನಷ್ಟು ಹೃದಯವನ್ನಿರಿಸಬೇಕೆಂದು ಅವರು ಬುದ್ಧಿ ಹೇಳುತ್ತಿದ್ದುದುಂಟು.

ಧರ್ಮಸಭೆಯ ಮನ್ನಣೆಯೂ ಬೇಗನೆ ದೊರೆಯಿತು. 1586ರ ಮಾರ್ಚ್ 18ರಂದು ಜಗದ್ಗುರು ಐದನೆಯ ಸಿಕ್ಸ್ತಸ್ ಈ ಕೂಟಕ್ಕೆ ಅನುಮೋದನೆಯಿತ್ತರು. ಅದೇ ವರ್ಷ ಜೂನ್ 26ರಂದು ನಿಲುವಂಗಿಯ ಮೇಲೆ ಕೆಂಪು ಶಿಲುಬೆ ಧರಿಸುವ ಅನುಮತಿಯನ್ನೂ ನೀಡಿದರು. ತಾಯಿಯನ್ನು ಹೆದರಿಸಿದ್ದ ಕನಸಿನ ಅರ್ಥವು ಅಂದು ಬೆಳಕಿಗೆ ಬಂದಿತು. ರೆಡ್‌ಕ್ರಾಸ್ ಸಂಸ್ಥೆ ಹುಟ್ಟಿದ್ದು 1863ರಲ್ಲಿ; ಅದಕ್ಕಿಂತ 277 ವರ್ಷಗಳ ಮೊದಲೇ ರೋಗಿಗಳ ನಡುವೆ ಒಂದು ಕೆಂಪು ಶಿಲುಬೆ ಓಡಾಡುತ್ತಿತ್ತು. 1591ರಲ್ಲಿ ಜಗದ್ಗುರು ಹದಿನಾಲ್ಕನೆಯ ಗ್ರೆಗೊರಿ ಅದನ್ನು ಪೂರ್ಣಪ್ರಮಾಣದ ಧಾರ್ಮಿಕ ಸಂಸ್ಥೆಯನ್ನಾಗಿ ಮಾಡಿದರು. ದಾರಿದ್ರ್ಯ, ಬ್ರಹ್ಮಚರ್ಯ, ವಿಧೇಯತೆಗಳ ಜೊತೆಗೆ ಇವರು ನಾಲ್ಕನೆಯ ವ್ರತವೊಂದನ್ನು ಕೈಗೊಂಡರು: ಪ್ರಾಣಕ್ಕೆ ಅಪಾಯವಿದ್ದರೂ, ಪ್ಲೇಗ್ ರೋಗಿಯೇ ಆಗಿದ್ದರೂ, ರೋಗಿಯ ಸೇವೆಯನ್ನು ಬಿಡೆವು ಎಂಬುದೇ ಆ ವ್ರತ. ನೇಪಲ್ಸ್ ಬಳಿ ಹಡಗುಗಳಲ್ಲಿ ಸಾಂಕ್ರಾಮಿಕ ರೋಗ ಹರಡಿದಾಗ ಸೇವೆಗೆ ಹೋದ ಸಹೋದರರಲ್ಲಿ ಕೆಲವರು ಅಲ್ಲಿಯೇ ಪ್ರಾಣತೆತ್ತರು. 1595ರಲ್ಲಿ ಹಾಗೂ 1601ರಲ್ಲಿ ಹಂಗೇರಿಯ ಯುದ್ಧಭೂಮಿಗೆ ಹೋಗಿ ಗಾಯಾಳುಗಳನ್ನು ಉಪಚರಿಸಿದರು.

ಸಂತರ ಜೀವನದ ಒಂದು ರಾತ್ರಿಯನ್ನು ಮಾತ್ರ ನಾವು ಇಲ್ಲಿ ವಿಶೇಷವಾಗಿ ನೆನೆಯಬೇಕು. 1598ರ ಕ್ರಿಸ್ತಜಯಂತಿಯ ಹೊತ್ತಿಗೆ ತಿಬೆರ್ ನದಿ ಉಕ್ಕಿ ರೋಮ್ ನಗರವನ್ನು ಮುಳುಗಿಸಿತು. ನದಿಯ ದಂಡೆಯಲ್ಲಿದ್ದ ಪವಿತ್ರಾತ್ಮರ ಆಸ್ಪತ್ರೆಯೊಳಗೆ ನೀರು ನುಗ್ಗಿತು. ಕಮಿಲ್ಲಸ್ ತಮ್ಮ ಸಂಗಡಿಗರೊಡನೆ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಎತ್ತಿಕೊಂಡು ಮೇಲಿನ ಅಂತಸ್ತಿಗೆ ಸಾಗಿಸಿದರು. ಕೊಳೆಯುತ್ತಿದ್ದ ಕಾಲಿನ ಗಾಯವು ಪ್ರವಾಹದ ಕೆಸರುನೀರಿನಲ್ಲಿ ಮುಳುಗಿತ್ತು. ಎಲ್ಲರೂ ಹೊಗಳಿದ ಸಾಹಸವಿದು, ಹೊಗಳಿಕೆಗೆ ಅರ್ಹವಾದ ಸಾಹಸ. ಆದರೂ ನಾವು ಒಂದು ಮಾತನ್ನು ವಿನಯದಿಂದ ಸೂಚಿಸಬಯಸುತ್ತೇವೆ. ಪ್ರವಾಹದ ರಾತ್ರಿ ರೋಗಿಯನ್ನು ಎತ್ತಿದ ಕೈಗಳು, ಪ್ರವಾಹವಿಲ್ಲದ ಸಾವಿರಾರು ರಾತ್ರಿಗಳಲ್ಲಿಯೂ ರೋಗಿಗಳನ್ನು ಎತ್ತಿ ಮಲಗಿಸಿದ್ದವು. ಆ ರಾತ್ರಿಗಳನ್ನು ಯಾರೂ ಬರೆದಿಡಲಿಲ್ಲ.

ಕೊನೆಯ ವರ್ಷಗಳಲ್ಲಿ ಕಮಿಲ್ಲಸ್ ಐದು ವ್ಯಾಧಿಗಳಿಂದ ಬಳಲಿದರು. ಕಾಲಿನ ಹುಣ್ಣು, ಅಂಡವಾಯು, ಅಂಗಾಲಿನ ಗಡಸು ಆಣಿಗಳು, ಮೂತ್ರಪಿಂಡದ ನೋವು, ಆಹಾರ ಸೇರದ ಹೊಟ್ಟೆ. ಇವುಗಳನ್ನು ಅವರು ದೇವರ ಕರುಣೆಗಳೆಂದು ಕರೆಯುತ್ತಿದ್ದರು. ಇಲ್ಲಿ ಒಂದು ಸೂಕ್ಷ್ಮವಿದೆ. ತಮ್ಮ ಗಾಯವನ್ನು ಕರುಣೆಯೆಂದು ಸ್ವೀಕರಿಸಿದ ಇವರು ಪರರ ಗಾಯವನ್ನು ಎಂದೂ ಹಾಗೆ ಕರೆದು ಸುಮ್ಮನಾಗಲಿಲ್ಲ. ತನ್ನ ಶಿಲುಬೆಯನ್ನು ಹೊರುವುದು ಭಕ್ತಿ. ನೆರೆಯವನ ಶಿಲುಬೆಯನ್ನು ನೋಡುತ್ತ ನಿಂತು ಅದನ್ನು ದೇವರ ಚಿತ್ತವೆನ್ನುವುದು ಭಕ್ತಿಯಲ್ಲ. 1607ರಲ್ಲಿ ಅವರು ಮುಖ್ಯಸ್ಥರ ಪದವಿಯನ್ನು ತ್ಯಜಿಸಿದರು, ಆದರೆ ರೋಗಿಗಳನ್ನು ತ್ಯಜಿಸಲಿಲ್ಲ. ನಿಲ್ಲಲಾಗದ ಸ್ಥಿತಿಯಲ್ಲಿಯೂ ರಾತ್ರಿ ತಮ್ಮ ಹಾಸಿಗೆಯಿಂದ ತೆವಳಿಕೊಂಡು ಹೋಗಿ ಇತರ ರೋಗಿಗಳಿಗೆ ಏನು ಬೇಕೆಂದು ವಿಚಾರಿಸುತ್ತಿದ್ದರು. 1614ನೆಯ ಇಸವಿ ಜುಲೈ 14ರಂದು ರೋಮ್ ನಗರದಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು. 1746ರಲ್ಲಿ ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟರು ಅವರಿಗೆ ಸಂತ ಪದವಿಯನ್ನು ನೀಡಿದರು. 1886ರಲ್ಲಿ ಹದಿಮೂರನೆಯ ಲಿಯೋ ಅವರನ್ನು ರೋಗಿಗಳ ಮತ್ತು ಆಸ್ಪತ್ರೆಗಳ ಪಾಲಕರನ್ನಾಗಿಯೂ, 1930ರಲ್ಲಿ ಹನ್ನೊಂದನೆಯ ಪಿಯುಸ್ ದಾದಿಯರ ಪಾಲಕರನ್ನಾಗಿಯೂ ಘೋಷಿಸಿದರು. ಅವರ ಸಂಸ್ಥೆಯ ಗುರುಗಳು ನಮ್ಮ ಕರ್ನಾಟಕದಲ್ಲಿಯೂ ರೋಗಿಗಳ ಸೇವೆಯಲ್ಲಿ ನಿರತರಾಗಿದ್ದಾರೆ.

ಸಂತರು ಪ್ರೀತಿಯಿಂದ ಅರಿತುದನ್ನು ಅನಂತರದ ಶತಮಾನಗಳು ಶಾಸ್ತ್ರದಿಂದ ದೃಢಪಡಿಸಿದವು. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಪ್ರಕಟಿಸಿದ ತಮ್ಮ ಶುಶ್ರೂಷೆಯ ಪುಸ್ತಕದಲ್ಲಿ, ಹಾಸಿಗೆ ಹುಣ್ಣು ಸಾಮಾನ್ಯವಾಗಿ ರೋಗದ ತಪ್ಪಲ್ಲ, ಶುಶ್ರೂಷೆಯ ತಪ್ಪು ಎಂಬ ಅಭಿಪ್ರಾಯವನ್ನಿತ್ತರು. 1944ರಿಂದ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾಕ್ಟರ್ ಲುಡ್ವಿಗ್ ಗುಟ್‌ಮನ್, ಬೆನ್ನುಹುರಿ ಮುರಿದ ಸೈನಿಕರನ್ನು ಹಗಲಿರುಳು ಎರಡೆರಡು ಗಂಟೆಗೊಮ್ಮೆ ಹೊರಳಿಸುವ ಕ್ರಮವನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದರು. ಬದುಕುವುದಿಲ್ಲವೆಂದು ಕೈಬಿಡಲಾಗುತ್ತಿದ್ದ ಅಂಥವರು ಬದುಕಿ ಉಳಿದರು. 1962ರಲ್ಲಿ ಡೊರೀನ್ ನಾರ್ಟನ್ ಎಂಬ ದಾದಿ, ಯಾವ ವೃದ್ಧ ರೋಗಿಗೆ ಹುಣ್ಣಾಗುವ ಸಂಭವ ಹೆಚ್ಚೆಂಬುದನ್ನು ಮೊದಲೇ ಅಳೆಯುವ ಮಾಪನವನ್ನು ರೂಪಿಸಿದರು. ಎಲ್ಲ ಹುಣ್ಣುಗಳನ್ನೂ ತಡೆಯಲಾಗದು, ಜೀವ ಮುಗಿಯುತ್ತಿರುವ ಶರೀರದಲ್ಲಿ ಕೆಲವೊಮ್ಮೆ ಎಷ್ಟು ಜಾಗ್ರತೆಯಿದ್ದರೂ ಚರ್ಮ ಒಡೆಯುತ್ತದೆ ಎಂಬುದನ್ನು ವೈದ್ಯರು ಒಪ್ಪುತ್ತಾರೆ. ಆದರೆ ಬಹುಪಾಲು ಹುಣ್ಣುಗಳನ್ನು ತಡೆಯಬಹುದೆಂಬುದನ್ನೂ ಅವರೇ ಹೇಳುತ್ತಾರೆ.

ಇಷ್ಟನ್ನು ಬರೆಯುವ ನಾವು ನಮ್ಮ ಒಂದು ಲೋಪವನ್ನು ಮುಚ್ಚಿಡಲಾರೆವು. ಹಲವು ವರ್ಷಗಳ ಹಿಂದೆ ನಾವು ಸೇವೆಯಲ್ಲಿದ್ದ ಧರ್ಮಕೇಂದ್ರವೊಂದರಲ್ಲಿ, ಪಾರ್ಶ್ವವಾಯುವಿನಿಂದ ಮಲಗಿದ್ದ ವೃದ್ಧರೊಬ್ಬರಿಗೆ ತಿಂಗಳ ಮೊದಲ ಶುಕ್ರವಾರ ಪರಮಪ್ರಸಾದವನ್ನು ಒಯ್ಯುತ್ತಿದ್ದೆವು. ನಾವು ಹೋದಾಗಲೆಲ್ಲ ಬಿಳಿಯ ಹೊದಿಕೆಯು ಅವರ ಗಲ್ಲದವರೆಗೆ ನೀಟಾಗಿ ಹೊದೆಸಿರುತ್ತಿತ್ತು; ಮೇಜಿನ ಮೇಲೆ ಶಿಲುಬೆ, ಹೂವು, ಉರಿಯುವ ಮೇಣದಬತ್ತಿ. ಮೂರನೆಯ ತಿಂಗಳು ಊದುಬತ್ತಿಯ ಪರಿಮಳದ ಅಡಿಯಲ್ಲಿ ಇನ್ನೊಂದು ವಾಸನೆ ನಮ್ಮ ಮೂಗಿಗೆ ತಾಗಿತು. ರೋಗಿಯ ಕೋಣೆಯಲ್ಲವೇ ಎಂದುಕೊಂಡು ನಾವು ಕೇಳಲಿಲ್ಲ. ಅವರ ಹಣೆಗೂ ಅಂಗೈಗಳಿಗೂ ಪವಿತ್ರ ತೈಲವನ್ನು ಹಚ್ಚಿದೆವು, ಆಶೀರ್ವದಿಸಿದೆವು, ಹೊರಟೆವು. ಮುಂದೆ ಅವರನ್ನು ಆಸ್ಪತ್ರೆಗೆ ಸೇರಿಸಿದಾಗ ದಾದಿಯೊಬ್ಬಳು ಅವರನ್ನು ಪಕ್ಕಕ್ಕೆ ಹೊರಳಿಸಿದಳು. ಅಂಗೈಯಗಲದ ಆ ಗಾಯದ ಬುಡದಲ್ಲಿ ಎಲುಬು ಕಾಣುತ್ತಿತ್ತು. ಮಗನು ಕೊಲ್ಲಿ ದೇಶದಲ್ಲಿದ್ದನು. ಸೊಸೆಯೊಬ್ಬಳೇ ಹಗಲಿರುಳು ಅವರನ್ನು ನೋಡಿಕೊಂಡಿದ್ದಳು. ಹೊರಳಿಸಿದರೆ ಮಾವನವರಿಗೆ ನೋವಾದೀತೆಂದು ಹೆದರಿ ಅಲುಗಾಡಿಸದೆ ಬಿಟ್ಟೆನೆಂದು ಅವಳು ಅತ್ತಳು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪ್ರತಿ ತಿಂಗಳು ಆ ಕೋಣೆಗೆ ಹೋಗುತ್ತಿದ್ದ ನಾವೂ ಹೇಳಿಕೊಟ್ಟಿರಲಿಲ್ಲ. ಕೆಲವೇ ವಾರಗಳಲ್ಲಿ ಅವರು ದೈವಾಧೀನರಾದರು. ಧನಿಕನ ಬಾಗಿಲಲ್ಲಿ ಹುಣ್ಣುಗಳಿಂದ ತುಂಬಿ ಬಿದ್ದಿದ್ದ ಲಾಜರನ ಸಾಮತಿಯನ್ನು ಅದಾದ ಮೇಲೆ ಬೋಧಿಸುವಾಗಲೆಲ್ಲ, ಆ ಧನಿಕನು ಲಾಜರನನ್ನು ಹೊಡೆಯಲಿಲ್ಲ, ಬೈಯಲಿಲ್ಲ, ನೋಡಲಿಲ್ಲ ಅಷ್ಟೇ ಎಂಬುದು ನಮ್ಮ ಎದೆಗೆ ನಾಟುತ್ತದೆ.

ಆದುದರಿಂದ ಮಲಗಿದ ಹಿರಿಯರಿರುವ ಕುಟುಂಬಗಳಿಗೆ ಕೆಲವು ಮಾತುಗಳನ್ನು ಸ್ಪಷ್ಟವಾಗಿ ಹೇಳುತ್ತೇವೆ. ಆಸ್ಪತ್ರೆಯಲ್ಲಿಯೂ ಮನೆಯಲ್ಲಿಯೂ ಇವು ಒಂದೇ. ದಿನಕ್ಕೊಮ್ಮೆಯಾದರೂ ಹೊದಿಕೆಯನ್ನು ಸರಿಸಿ ರೋಗಿಯ ಬೆನ್ನು, ಸೊಂಟ, ಹಿಮ್ಮಡಿಗಳನ್ನು ಬೆಳಕಿನಲ್ಲಿ ನೋಡಬೇಕು. ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚದೆ ಉಳಿಯುವ ಕೆಂಪು ಕಲೆಯೇ ಮೊದಲ ಎಚ್ಚರಿಕೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೆ ಬಣ್ಣ ಗಾಢವಾಗಬಹುದು, ಆ ಜಾಗ ಬಿಸಿಯಾಗಿಯೋ ಗಟ್ಟಿಯಾಗಿಯೋ ಮೆತ್ತಗಾಗಿಯೋ ಇರಬಹುದು. ಅಂತಹ ಜಾಗದ ಮೇಲೆ ಮತ್ತೆ ಭಾರ ಬೀಳಗೊಡಬಾರದು. ಅದನ್ನು ತಿಕ್ಕಬಾರದು, ಎಣ್ಣೆ ಹಚ್ಚಿ ನೀವಲೂಬಾರದು. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ರೂಢಿ. ರೋಗಿಯ ಸ್ಥಿತಿಗೆ ತಕ್ಕಂತೆ ವೈದ್ಯರು ಅಥವಾ ದಾದಿಯರು ಆ ಅಂತರವನ್ನು ನಿಗದಿಪಡಿಸುತ್ತಾರೆ. ಪೂರ್ತಿ ಪಕ್ಕಕ್ಕೆ ಮಲಗಿಸದೆ, ಬೆನ್ನಿನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ವಾಲಿಸಿದರೆ ತೊಡೆಯ ಎಲುಬಿನ ಮೇಲೆ ಭಾರ ಬೀಳದು. ಮೀನಖಂಡದ ಕೆಳಗೆ ದಿಂಬಿಟ್ಟರೆ ಹಿಮ್ಮಡಿಗಳು ಹಾಸಿಗೆಗೆ ತಾಗವು. ರೋಗಿಯನ್ನು ಎಳೆಯಬಾರದು, ಇಬ್ಬರು ಸೇರಿ ಕೆಳಹಾಸಿನ ಬಟ್ಟೆಯೊಡನೆ ಎತ್ತಿ ಸರಿಸಬೇಕು. ನಡುವೆ ತೂತಿರುವ ಉಂಗುರದಂತಹ ದಿಂಬು ಹಿತವೆಂದು ತೋರಿದರೂ ಸುತ್ತಲಿನ ರಕ್ತಸಂಚಾರವನ್ನು ತಡೆಯುತ್ತದೆ. ಒದ್ದೆಯಾದೊಡನೆ ಒರೆಸಿ ಒಣಗಿಸಬೇಕು. ಬೇಳೆ, ಮೊಟ್ಟೆ, ಮೀನು, ಹಾಲು ಇವುಗಳಲ್ಲಿ ರೋಗಿಗೆ ಒಗ್ಗುವುದನ್ನು ಕೊಡಬೇಕು. ಪೌಷ್ಟಿಕತೆ ಇಲ್ಲದ ಚರ್ಮ ಬೇಗ ಒಡೆಯುತ್ತದೆ. ಗಾಳಿ ತುಂಬುವ ಹಾಸಿಗೆ ಸಹಾಯಕವೇ ಸರಿ, ಆದರೆ ಅದು ಮನುಷ್ಯನ ಕೈಗೆ ಬದಲಿಯಲ್ಲ. ಚರ್ಮ ಒಡೆದಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರಿಗೆ ತೋರಿಸಬೇಕು.

ಈ ಕೆಲಸವನ್ನು ಒಬ್ಬಳೇ ಸೊಸೆಯ ಅಥವಾ ಒಬ್ಬಳೇ ಮಗಳ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ. ಇಬ್ಬರು ಎತ್ತಬೇಕಾದ ಶರೀರವನ್ನು ಒಬ್ಬಳು ಎತ್ತಲಾರಳು. ರಾತ್ರಿ ಎರಡೆರಡು ಗಂಟೆಗೆ ಏಳುವವಳಿಗೂ ಒಂದು ರಾತ್ರಿಯ ನಿದ್ದೆ ಬೇಕು. ನಮ್ಮ ಧರ್ಮಕೇಂದ್ರಗಳಲ್ಲಿ ಸಂತ ವಿನ್ಸೆಂಟ್ ದೆ ಪೌಲರ ಸಭೆಯಿದೆ, ಮರಿಯಳ ಸೇನೆಯಿದೆ, ಯುವಜನರ ಸಂಘವಿದೆ. ನಿವೃತ್ತರಾದ ದಾದಿಯರೂ ನಮ್ಮ ನಡುವೆ ಹಲವರಿದ್ದಾರೆ. ರೋಗಿಯ ಮನೆಗೆ ಹಣ್ಣಿನ ಚೀಲ ಹಿಡಿದು ಹೋಗುವ ನಾವು, ಬೆನ್ನು ನೋಡಿದಿರಾ, ಇಂದು ರಾತ್ರಿ ನಾವೊಬ್ಬರು ಇರಬಹುದೇ ಎಂದು ಕೇಳಲು ಏಕೆ ನಾಚಬೇಕು?

ತತ್ತ್ವಶಾಸ್ತ್ರದ ತರಗತಿಯಲ್ಲಿ ನಾವು ಒಂದು ಹಳೆಯ ಚರ್ಚೆಯನ್ನು ಓದಿದ್ದೆವು. ನೆಲದ ಮೇಲೆ ಗಡಿಗೆ ಇಲ್ಲ ಎಂಬುದನ್ನು ನಾವು ಹೇಗೆ ಅರಿಯುತ್ತೇವೆ, ಇಲ್ಲದಿರುವುದನ್ನು ಕಾಣಬಹುದೇ ಎಂದು ನಮ್ಮ ನಾಡಿನ ದಾರ್ಶನಿಕರು ಶತಮಾನಗಳ ಕಾಲ ವಾದಿಸಿದರು. ಕೆಡುಕೆಂಬುದು ಇರಬೇಕಾದ ಒಳಿತಿನ ಅಭಾವವೆಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದರು. ರೋಗಿಯ ಹಾಸಿಗೆಯ ಬಳಿ ನಿಂತಾಗ ನಮಗೆ ಇನ್ನೊಂದು ಬಗೆಯ ಅಭಾವ ಕಾಣುತ್ತದೆ. ತಿಂಗಳುಗಟ್ಟಲೆ ಮಲಗಿದ ವೃದ್ಧೆಯ ಬೆನ್ನಿನ ಮೇಲೆ ಹುಣ್ಣಿಲ್ಲ. ಆ ಇಲ್ಲದಿರುವಿಕೆ ತಾನಾಗಿ ಉಂಟಾದುದಲ್ಲ. ನೂರಾರು ರಾತ್ರಿ ಎದ್ದ ಯಾರೋ ಒಬ್ಬರ ದುಡಿಮೆ ಅದು. ಮಾಯಿಸಿದ ಗಾಯಕ್ಕೆ ಕೃತಜ್ಞತೆ ಸಿಗುತ್ತದೆ, ಬಾರದ ಗಾಯಕ್ಕೆ ಯಾರೂ ವಂದಿಸುವುದಿಲ್ಲ. ಆದರೆ ಗುಟ್ಟಿನಲ್ಲಿ ನಡೆಯುವುದನ್ನು ಕಾಣುವ ತಂದೆಯು ಅದನ್ನು ಕಾಣುತ್ತಾರೆ.

ಈ ಜುಲೈ 14ರಂದು ಬಲಿಪೂಜೆಯಲ್ಲಿ ಭಾಗವಹಿಸಿ ಮನೆಗೆ ಮರಳಿದ ಮೇಲೆ, ಮಲಗಿರುವ ನಮ್ಮ ಹಿರಿಯರ ಹೊದಿಕೆಯನ್ನು ಮೆಲ್ಲನೆ ಸರಿಸಿ ಅವರ ಬೆನ್ನನ್ನು ನೋಡೋಣ. ಸಂತ ಕಮಿಲ್ಲಸರಿಗೆ ನಾವು ಹಚ್ಚಬಹುದಾದ ಮೇಣದಬತ್ತಿ ಅದೇ. ಮಲಗಿದವರಿಗಾಗಿಯೂ, ಅವರನ್ನು ಹೊರಳಿಸಲು ಈ ರಾತ್ರಿ ಏಳುವ ಎಲ್ಲರಿಗಾಗಿಯೂ ಆ ಸಂತರು ಪ್ರಭುವಿನಲ್ಲಿ ಬಿನ್ನವಿಸಲಿ.